‘ಮೂತ್ರಪಿಂಡ ಸೋತಿದೆ’ ಎಂದ ಚೀನೀ ವೈದ್ಯರು: ಅಮ್ಮನ ಸೊಂಟ ನೋವಿಗೆ ಏನು ಮಾಡಲಿ?

ಪ್ರಶ್ನೆ: ನನ್ನ ತಾಯಿಗೆ 64 ವರ್ಷ. ಹಾಸನದಿಂದ ಸಿಂಗಪುರದ ನಮ್ಮ ಮನೆಗೆ ಬಂದು ಎರಡು ತಿಂಗಳಾಯಿತು. ಎರಡು ವರ್ಷಗಳಿಂದ ಸೊಂಟ ನೋವಿದೆ. ಕೆಳಬೆನ್ನಿನ ಕೀಲುಗಳು ಸವೆದಿವೆ ಎಂದು ಊರಿನ ವೈದ್ಯರು ಹೇಳಿದ್ದಾರೆ. ಹೃದಯದ ಲಯ ತಪ್ಪುವ ತೊಂದರೆಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನಡೆಯುತ್ತಿದೆ. ಇಲ್ಲಿನ ಚೀನೀ ವೈದ್ಯರು ನಾಡಿ ಹಿಡಿದು, ನಾಲಗೆ ನೋಡಿ ‘ಮೂತ್ರಪಿಂಡ ಸೋತಿದೆ’ ಎಂದರು. ಅಂದಿನಿಂದ ಅಮ್ಮನಿಗೆ ಊಟ ಸೇರುತ್ತಿಲ್ಲ. ಸೂಜಿ ಚಿಕಿತ್ಸೆ, ಕಷಾಯ ಎರಡನ್ನೂ ಸೂಚಿಸಿದ್ದಾರೆ. ಮಾಡಿಸಬಹುದೇ?

ಉತ್ತರ: ಮೊದಲು ಅಮ್ಮನಿಗೆ ಊಟ ಬಡಿಸಿ, ಈ ಮಾತನ್ನು ಓದಿ ಹೇಳಿ. ಆ ವೈದ್ಯರು ಹೇಳಿದ್ದು ಡಯಾಲಿಸಿಸ್‌ಗೆ ಒಯ್ಯುವ ಮೂತ್ರಪಿಂಡದ ಕಾಯಿಲೆಯನ್ನಲ್ಲ. ಚೀನೀ ವೈದ್ಯದಲ್ಲಿ ‘ಶೆನ್’ ಎಂಬ ಪದಕ್ಕೆ ಮೂತ್ರಪಿಂಡ ಎಂಬ ಅರ್ಥವಿದ್ದರೂ ಅದರ ವ್ಯಾಪ್ತಿ ದೊಡ್ಡದು. ಮೂಳೆಯ ಗಟ್ಟಿತನ, ಕಿವಿಯ ಚುರುಕು, ವಯಸ್ಸಿನೊಂದಿಗೆ ಇಳಿಯುವ ಕಸುವು ಎಲ್ಲವೂ ಅದರೊಳಗೆ ಬರುತ್ತವೆ. ‘ಸೊಂಟವು ಶೆನ್‌ನ ಮನೆ’ ಎನ್ನುತ್ತದೆ ಅವರ ಪ್ರಾಚೀನ ಗ್ರಂಥ ಹುವಾಂಗ್‌ಡಿ ನೇಯ್‌ಜಿಂಗ್. ನಮ್ಮಲ್ಲಿ ‘ವಾತ’ ಎಂದಾಗ ಯಾರೂ ಬರಿಯ ಗಾಳಿ ಎಂದುಕೊಳ್ಳುವುದಿಲ್ಲವಲ್ಲ, ಹಾಗೆ.

ಅವರ ಲೆಕ್ಕದಲ್ಲಿ ಸೊಂಟ ನೋವುಗಳೆಲ್ಲ ಒಂದೇ ಅಲ್ಲ. ಮಳೆ, ಥಂಡಿಗೆ ಭಾರವಾಗಿ ಹಿಡಿದುಕೊಳ್ಳುವುದು ಶೀತ ಮತ್ತು ತೇವದ ನೋವು. ಒಂದೇ ಜಾಗದಲ್ಲಿ ಚುಚ್ಚುತ್ತಾ ರಾತ್ರಿ ಹೆಚ್ಚುವುದು ರಕ್ತ ನಿಂತದ್ದರ ನೋವು. ದಣಿದಾಗ ಮಂದವಾಗಿ ಕಾಡಿ, ಒತ್ತಿದರೆ, ಮಲಗಿದರೆ ಹಗುರಾಗುವುದು ಶೆನ್ ಸೋತದ್ದರ ನೋವು. ಕೀಲು ಸವೆದ ಹಿರಿಯರಲ್ಲಿ ಈ ಮೂರನೆಯದನ್ನೇ ಅವರು ಹೆಚ್ಚಾಗಿ ಹೇಳುತ್ತಾರೆ.

ಸೂಜಿಯನ್ನು ಸಾಮಾನ್ಯವಾಗಿ ಸೊಂಟದ ಎರಡನೆಯ ಕಶೇರುವಿನ ಇಕ್ಕೆಲದ ಶೆನ್‌ಶು, ಮಂಡಿಯ ಹಿಂಬದಿಯ ವೆಯ್‌ಝೋಂಗ್ ಮೊದಲಾದ ಬಿಂದುಗಳಿಗೆ ಹಾಕುತ್ತಾರೆ. ಗುಣವಾಗುತ್ತದೆಯೇ? ಜರ್ಮನಿಯಲ್ಲಿ 1,162 ಬೆನ್ನು ನೋವಿನ ರೋಗಿಗಳ ಮೇಲೆ ನಡೆದ ಪ್ರಯೋಗವೊಂದು 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ಬಳಿಕ ಚೀನೀ ಪದ್ಧತಿಯ ಸೂಜಿಯಿಂದ ಸುಧಾರಿಸಿದವರು ಶೇ 47.6, ಎಲ್ಲೆಂದರಲ್ಲಿ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ 44.2, ಮಾತ್ರೆ, ವ್ಯಾಯಾಮದ ಮಾಮೂಲಿ ಚಿಕಿತ್ಸೆಯಲ್ಲಿ ಶೇ 27.4. ಅಂದರೆ ಬಿಂದುವಿನ ಮಹಿಮೆ ಕಡಿಮೆ, ಆದರೆ ರೋಗಿಗೆ ಸಿಕ್ಕ ನೆಮ್ಮದಿ ನಿಜ. ಬ್ರಿಟನ್ನಿನ 2016ರ ಮಾರ್ಗಸೂಚಿ ಸೊಂಟ ನೋವಿಗೆ ಸೂಜಿ ಬೇಡವೆಂದಿತು, ಅಮೆರಿಕದ ವೈದ್ಯರ 2017ರ ಮಾರ್ಗಸೂಚಿ ಬೇಕೆಂದಿತು. ನಾನು ಪ್ರಯತ್ನಿಸಬಹುದು ಎನ್ನುವವನು. ಆ ಪ್ರಯೋಗದಲ್ಲಿದ್ದಂತೆ ಹತ್ತು ಬಾರಿಯ ಮಿತಿ ಇಟ್ಟುಕೊಳ್ಳಿ. ಅಷ್ಟರಲ್ಲಿ ಅಮ್ಮನಿಗೆ ಅಡುಗೆಮನೆಯಲ್ಲಿ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲಲಾಗದಿದ್ದರೆ ಸೂಜಿಯನ್ನು ನಿಲ್ಲಿಸಿಬಿಡಿ. ವಾರ್ಫರಿನ್ ವಿಷಯವನ್ನು ಸೂಜಿ ಹಾಕುವವರಿಗೆ ಮೊದಲೇ ತಿಳಿಸಿ. ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆ ಎಂದು ತೋರಿಸುವ ಐಎನ್‌ಆರ್ ಹಿಡಿತದಲ್ಲಿರಬೇಕು. ಬಟ್ಟಲು ಕಚ್ಚಿಸುವ ಕಪ್ಪಿಂಗ್ ಖಂಡಿತ ಬೇಡ, ಚರ್ಮದಡಿ ರಕ್ತ ಒಸರಿ ಕಂದುತ್ತದೆ.

ನನಗೆ ನಿಜವಾದ ಆತಂಕ ಕಷಾಯದ ಬಗ್ಗೆ. ಇಂಥ ನೋವಿಗೆ ಹೆಸರಾದ ದುಹುವೊ ಜಿಶೆಂಗ್ ಟಾಂಗ್ ಏಳನೆಯ ಶತಮಾನದ ವೈದ್ಯ ಸುನ್ ಸಿಮಿಯಾವೊ ದಾಖಲಿಸಿದ, ಹದಿನೈದು ಮೂಲಿಕೆಗಳ ಯೋಗ. ಅದರಲ್ಲಿರುವ ಡಾಂಗ್‌ಗುಯಿ ಎಂಬ ಬೇರು ವಾರ್ಫರಿನ್‌ನ ಪ್ರಭಾವವನ್ನು ಏರಿಸಿ ರಕ್ತಸ್ರಾವಕ್ಕೆ ದಾರಿ ಮಾಡಬಹುದು. ಕೀಲು ನೋವಿನ ಕೆಲವು ಯೋಗಗಳಿಗೆ ಚುವಾನ್‌ವು, ತ್ಸಾವೊವು ಎಂಬ ಗೆಡ್ಡೆಗಳನ್ನು ಸೇರಿಸುತ್ತಾರೆ. ಇವು ನಮ್ಮ ವತ್ಸನಾಭಿಯ ಬಳಗದವು, ಸರಿಯಾಗಿ ಶುದ್ಧಿಯಾಗದಿದ್ದರೆ ಹೃದಯದ ಲಯವನ್ನೇ ಕೆಡಿಸುವಂಥವು. ಲಯ ತಪ್ಪುವ ಹೃದಯದವರಿಗೆ ಇದಕ್ಕಿಂತ ಅಪಾಯ ಬೇರೆ ಬೇಕೆ? ಕಷಾಯವನ್ನು ಇಂದೇ ಬದಿಗಿಡಿ. ಈಗಾಗಲೇ ಕುಡಿದಿದ್ದರೆ ಈ ವಾರವೇ ಐಎನ್‌ಆರ್ ಪರೀಕ್ಷೆ ಮಾಡಿಸಿ, ಚೀಟಿಯನ್ನು ಹೃದ್ರೋಗ ವೈದ್ಯರಿಗೆ ತೋರಿಸಿ.

ಸಿಂಗಪುರದಲ್ಲಿ ಚೀನೀ ವೈದ್ಯರು ಸರ್ಕಾರದ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕೆಂಬ ಕಾನೂನು 2000ರಿಂದ ಇದೆ. ನಿಮ್ಮ ವೈದ್ಯರ ಹೆಸರನ್ನು ಆ ಪಟ್ಟಿಯಲ್ಲಿ ನೋಡಿಕೊಳ್ಳಿ.

ಸೂಜಿಯ ಜೊತೆಗೆ ದಿನವೂ ನಡಿಗೆ ಇರಲಿ, ನೋವು ಹೆಚ್ಚಿದಾಗ ಬಿಸಿನೀರಿನ ಚೀಲ ಇರಲಿ. ಕಾಲು ಸೋತುಬಂದರೆ, ತೊಡೆಯ ಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ತಡೆಯಲಾಗದಿದ್ದರೆ ಬೆಳಗಾಗುವುದನ್ನು ಕಾಯದೆ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.