ಶಾಲೆಯನ್ನೇ ಬದಲಿಸಲು ಹೊರಟ ಗಣಿತಜ್ಞರು ಯಾರಾದರೂ ಇದ್ದಾರಾ?

ವಿರಾಜಪೇಟೆಯಿಂದ ಒಬ್ಬರು ಕೇಳಿದ್ದಾರೆ: ಗಣಿತದವರಿಗೆ ಲೆಕ್ಕ ಬಿಟ್ಟರೆ ಊರಿನ ಗೊಡವೆ ಬೇಡ ಅಲ್ವಾ, ಅಂತ.

ಹಾಗೇನಿಲ್ಲ. ಫ್ರಾನ್ಸಿನ ಕಾಂಡೋರ್ಸೆಯನ್ನೇ (1743–1794) ನೋಡಿ. ಮೂವರು ಅಭ್ಯರ್ಥಿಗಳಿದ್ದರೆ ಬಹುಮತವೇ ಸುತ್ತು ಹೊಡೆಯಬಹುದು, ಅಂದರೆ ಒಂದನೆಯವನು ಎರಡನೆಯವನನ್ನು, ಎರಡನೆಯವನು ಮೂರನೆಯವನನ್ನು, ಮೂರನೆಯವನು ತಿರುಗಿ ಒಂದನೆಯವನನ್ನು ಸೋಲಿಸಬಹುದು ಅಂತ 1785ರಲ್ಲಿ ತೋರಿಸಿದವನು ಈತ.

1792ರ ಏಪ್ರಿಲ್‌ನಲ್ಲಿ ಶಾಸನಸಭೆಯ ಮುಂದೆ ಒಂದು ಶಿಕ್ಷಣ ಯೋಜನೆ ಇಟ್ಟ. ಎಲ್ಲ ಹಂತದಲ್ಲೂ ಉಚಿತ ಶಿಕ್ಷಣ, ಶಾಲೆಯಲ್ಲಿ ಧರ್ಮಬೋಧನೆ ಬೇಡ, ಭಾನುವಾರ ದೊಡ್ಡವರಿಗೂ ಮೇಷ್ಟ್ರ ಪಾಠ. ನಮ್ಮ ಕಾಫಿ ತೋಟದ ಲೈನ್ ಮನೆಯವರಿಗೆ ಈಗಲೂ ಅಂಥದ್ದು ಸಿಕ್ಕರೆ ಚೆನ್ನ. ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಪಾಠವೇ ಬೇಕು ಅಂತ ಮೊದಲೇ ಬರೆದಿದ್ದ. ಸಭೆಯಲ್ಲಿ ಯೋಜನೆಯನ್ನು ಓದಲು ಶುರು ಮಾಡಿದ ದಿನವೇ ಆಸ್ಟ್ರಿಯಾ ಮೇಲೆ ಯುದ್ಧ ಘೋಷಣೆ! ಯೋಜನೆ ಮೂಲೆ ಸೇರಿತು. ಆಮೇಲೆ ಬಂಧನದ ಆದೇಶ ಬಂತು, ತಲೆಮರೆಸಿಕೊಂಡ, ಕೊನೆಗೆ ಸಿಕ್ಕಿಬಿದ್ದು ಸೆರೆಯಲ್ಲೇ ಸತ್ತ. ಫ್ರಾನ್ಸಿನಲ್ಲಿ ಪ್ರಾಥಮಿಕ ಶಿಕ್ಷಣ ಉಚಿತವಾಗಿದ್ದು 1881ರಲ್ಲಿ.

ಅಮೆರಿಕದ ಬಾಬ್ ಮೋಸೆಸ್ ಸಂಶೋಧಕನಲ್ಲ, ಗಣಿತ ಮೇಷ್ಟ್ರು. 1960ರ ದಶಕದಲ್ಲಿ ಮಿಸಿಸಿಪ್ಪಿಯ ಕಪ್ಪು ಜನರ ಮತದ ಹಕ್ಕಿಗೆ ಹೋರಾಡಿದವರು, 1982ರಲ್ಲಿ ಶಾಲೆ ಮಕ್ಕಳಿಗೆ ಬೀಜಗಣಿತ ಕಲಿಸುವ ಆಲ್ಜೀಬ್ರಾ ಪ್ರಾಜೆಕ್ಟ್ ಶುರು ಮಾಡಿದರು. ಬೀಜಗಣಿತ ಕಲಿಯುವುದೂ ನಾಗರಿಕ ಹಕ್ಕೇ ಅನ್ನೋದು ಅವರ ವಾದ.