ಉಬ್ಬಿದ ಹೈಪೋ ಕ್ಯಾನ್, ಪಕ್ಕದಲ್ಲೇ ಆಸಿಡ್: ಪ್ರತಿಕ್ರಿಯೆ
ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಪಂಪ್ ರೂಮಿನಲ್ಲಿ ಹೈಪೋ (ನೀರಿನ ಕ್ರಿಮಿ ಕೊಲ್ಲಲು ಬಳಸುವ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ), ಆಸಿಡ್ ಕ್ಯಾನುಗಳು ಒಟ್ಟಿಗಿವೆ, ಹೈಪೋ ಕ್ಯಾನ್ ಉಬ್ಬಿದೆ, ಮುಚ್ಚಳ ಬಿಗಿ ಮಾಡಿದರೆ ಸಾಕೇ ಎಂದು ಕೇಳಿದ್ದೀರಿ. ದಯವಿಟ್ಟು ಬಿಗಿ ಮಾಡಬೇಡಿ. ಸೋಡಿಯಂ ಹೈಪೋಕ್ಲೋರೈಟ್ ಇಟ್ಟಲ್ಲೇ ನಿಧಾನವಾಗಿ ಒಡೆದು ಆಮ್ಲಜನಕ ಬಿಡುತ್ತದೆ, ಸೆಕೆ ಹೆಚ್ಚಿದಷ್ಟೂ ಬೇಗ. ಕನ್ನಡಕ, ಗ್ಲೌಸ್ ಹಾಕಿ, ಮುಖ ಪಕ್ಕಕ್ಕಿಟ್ಟು ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ, 'ಸುಸ್' ಸದ್ದು ನಿಂತ ಮೇಲೆ ಗಾಳಿರಂಧ್ರವಿರುವ ಮುಚ್ಚಳ ಹಾಕಿ.

ನಿಜವಾದ ಭಯ ಪಕ್ಕದ ಆಸಿಡ್ಡಿನದು. ಎರಡೂ ಸೇರಿದರೆ ಏಳುವ ಕ್ಲೋರಿನ್ ಎಂಬ ವಿಷಾನಿಲ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಬೇಸ್‌ಮೆಂಟಿನ ನೆಲಮಟ್ಟದಲ್ಲೇ ನಿಲ್ಲುತ್ತದೆ. ಆಸಿಡ್ಡನ್ನು ಇವತ್ತೇ ಬೇರೆ ಕೋಣೆಗೆ ಸಾಗಿಸಿ. ಸೋರಿದ್ದು ಹರಡದಂತೆ ಪ್ರತಿ ಕ್ಯಾನಿನ ಕೆಳಗೂ ಬೇರೆ ಪ್ಲಾಸ್ಟಿಕ್ ಟ್ರೇ ಇರಲಿ. 35 ಲೀಟರ್ ಕ್ಯಾನಿಗೆ 39 ಲೀಟರ್ ಹಿಡಿಯುವಂಥದ್ದು.

ಕ್ಯಾನ್ ಸೋರದಿದ್ದರೂ, ಹೈಪೋಗೂ ಆಸಿಡ್ಡಿಗೂ ಒಂದೇ ಮಗ್ ಬಳಸಿದರೆ ಎರಡೂ ಬೆರೆತುಬಿಡುತ್ತವೆ. ಮಗ್, ಫನಲ್, ಪಂಪ್ ಎಲ್ಲ ಬೇರೆ ಬೇರೆ ಇರಲಿ, ಬಣ್ಣದ ಟೇಪ್ ಸುತ್ತಿ. ಆಲಂ (ಪಟಿಕ) ನೀರು ಕೂಡ ಆಮ್ಲೀಯವೇ, ಅದನ್ನೂ ಹೈಪೋಗೆ ಬೆರೆಸಬಾರದು, ಬಹಳ ಜನ ಇದನ್ನು ಮರೆಯುತ್ತಾರೆ. ಚೆಲ್ಲಿದ ಹೈಪೋಗೆ ಮರದ ಹೊಟ್ಟು ಬೇಡ, ಒಣ ಮರಳು ಹಾಕಿ. ಕಣ್ಣಿಗೆ ಸಿಡಿದರೆ ತಕ್ಷಣ 15 ನಿಮಿಷ ಹರಿಯುವ ನೀರು, ಆಮೇಲೆ ಆಸ್ಪತ್ರೆ. ಘಾಟು ಬಂದರೆ ಅದು ಎಲ್ಲಿಂದ ಎಂದು ಹುಡುಕಲು ಹೋಗಬೇಡಿ, ಎಲ್ಲರೂ ಮೇಲಕ್ಕೆ ಬನ್ನಿ.