ಮೇ ಹೂವಿಗೆ ಗೊಬ್ಬರದ ಮಾತು ಆಮೇಲೆ, ಮೊದಲು ಕತ್ತರಿ ಕೆಳಗಿಡಿ

"ಮೇ ಹೂವಿನ ಗಡ್ಡೆಯಲ್ಲಿ ಈ ಸಲ ಬರೀ ಎಲೆ ಬಂದಿದೆ, ಯಾವ ಗೊಬ್ಬರ ಹಾಕಲಿ" ಅಂತ ಕೇಳಿದ್ದೀರಿ. ಹೋದ ವರ್ಷ ಹೂ ಮುಗಿದ ಮೇಲೆ ಸೊಪ್ಪು ಸವರಿ ಜಾಗ ಚೊಕ್ಕ ಮಾಡಿದ್ದೆ ಅಂತಲೂ ಬರೆದಿದ್ದೀರಿ. ಓದುತ್ತಿದ್ದಂತೆ ನನ್ನ ಹೊಟ್ಟೆ ಚುರ್ ಅಂದಿತು.

ಅಮ್ಮ ಸಾಗರದಿಂದ 12 ಗಡ್ಡೆ ತಂದುಕೊಟ್ಟಿದ್ದರು, ನಮ್ಮ ಮೈಸೂರಿನ ಮನೆಗೆ. ಭರಣಿ ಮಳೆ ಒಂದು ಹದ ಬಿದ್ದರೆ ಸಾಕು, ಬೋಳು ನೆಲ ಸೀಳಿಕೊಂಡು ಮೊಗ್ಗು ಬರುತ್ತಿತ್ತು. ಆಮೇಲೆ ಕೆಂಪು ಚೆಂಡು. ಒಂದೊಂದರಲ್ಲೂ ನೂರಕ್ಕಿಂತ ಜಾಸ್ತಿ ಪುಟ್ಟ ಹೂಗಳು. ಬೀದಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು.

ಜೂನ್‌ನಲ್ಲಿ ತಂಗಿಯ ಮಗುವಿನ ನಾಮಕರಣ ನಮ್ಮನೆಯಲ್ಲೇ ಇತ್ತು. ಎಲೆಗಳು ಅಗಲಕ್ಕೆ ಬೆಳೆದು ದಾರಿಗೆ ಬಾಗಿದ್ದವು. ಹೂ ಮುಗಿಯಿತಲ್ಲ, ಇನ್ನು ಈ ಸೊಪ್ಪು ಯಾಕೆ ಅಂದುಕೊಂಡೆ. ಹನ್ನೆರಡನ್ನೂ ಬುಡಕ್ಕೆ ಸವರಿಬಿಟ್ಟೆ. ಹಳದಿಯಾದ ಎಲೆಯಲ್ಲ, ಹಚ್ಚ ಹಸಿರು ಎಲೆ! ಈ ಗಿಡದ ಅಡುಗೆಮನೆಯೇ ಅದು. ಜೂನ್‌ನಿಂದ ದೀಪಾವಳಿಯ ಆಸುಪಾಸಿನವರೆಗೆ ಎಲೆ ಬಿಸಿಲು ಹೀರಿ ಆಹಾರ ಮಾಡಿ ಗಡ್ಡೆಗೆ ಇಳಿಸುತ್ತದೆ. ಮುಂದಿನ ಮೇ ತಿಂಗಳ ಮೊಗ್ಗು ಆ ಗಡ್ಡೆಯೊಳಗೆ ಮೊದಲೇ ಕಟ್ಟಿಕೊಳ್ಳುತ್ತದೆ. ನಾನು ಕತ್ತರಿಸಿದ್ದು ಸೊಪ್ಪನ್ನಲ್ಲ, ಮುಂದಿನ ವರ್ಷದ ಹೂವನ್ನು. ಮರುವರ್ಷ ಒಂದೂ ಹೂ ಇಲ್ಲ. ಅಗೆದು ನೋಡಿದರೆ ಈರುಳ್ಳಿಯಷ್ಟಿದ್ದ ಗಡ್ಡೆ ನಿಂಬೆಹಣ್ಣಿನಷ್ಟಾಗಿತ್ತು. ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ಅಳು ಬಂದಿತ್ತು.

ಹಾಗಾಗಿ ಯಾವ ಗೊಬ್ಬರ ಅನ್ನುವ ಪ್ರಶ್ನೆಯೇ ಸರಿ ಇಲ್ಲ ಅಂತೀನಿ. ಯೂರಿಯಾ ಅಂತೂ ಬೇಡವೇ ಬೇಡ, ಎಲೆ ಮಾತ್ರ ಕೊಬ್ಬುತ್ತದೆ. ಎಲೆ ಏಳುವಾಗ ಒಂದು ಬೊಗಸೆ ಹಳೆ ಸಗಣಿ ಗೊಬ್ಬರ ಸಾಕು. ಎಲೆ ತಾನಾಗಿ ಹಳದಿಯಾಗಿ ಮಲಗುವವರೆಗೆ ಮುಟ್ಟಬೇಡಿ. ಚಳಿಗಾಲದಲ್ಲಿ ನೀರು ನಿಲ್ಲಿಸಿ, ಗಡ್ಡೆ ನಿದ್ದೆ ಮಾಡಲಿ. ಆಗ ನೀರು ಹಾಕಿದರೆ ಕೊಳೆಯುತ್ತದೆ. ನನ್ನ ಹಾಗೆ ಅಗೆದು ನೋಡಲೂ ಹೋಗಬೇಡಿ, ಕದಲಿಸಿದರೆ ಈ ಗಿಡ ಮುನಿಸಿಕೊಳ್ಳುತ್ತದೆ. ಗಡ್ಡೆಯಲ್ಲಿ ವಿಷ ಇದೆ, ಮಕ್ಕಳು ಮತ್ತು ದನಕರುಗಳ ಬಾಯಿಗೆ ಸಿಗದ ಹಾಗೆ ನೋಡಿಕೊಳ್ಳಿ.

ಎಲೆ ಅಡ್ಡ ಬಂದರೆ ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿ. ನಾನೀಗ ಹಾಗೇ ಮಾಡುತ್ತೇನೆ. ಮೂರನೇ ವರ್ಷ ನಾಲ್ಕು ಚೆಂಡು ಬಂದವು, ಈ ವರ್ಷ ಒಂಬತ್ತು.